ಮೂಕಿ ಬೆಟ್ಸ್ ಅವರನ್ನು ಬಾಸ್ಟನ್ ಯಾಕೆ ಉಳಿಸಿಕೊಳ್ಳಲಿಲ್ಲ?

ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಬಾಸ್ಟನ್ ಪಕ್ಕದ ಊರಿನಿಂದ ನೀವು ಬರೆದ ಪತ್ರ ತಲುಪಿದೆ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಬಾಸ್ಟನ್ನಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ 2020ರ ಫೆಬ್ರವರಿಯಲ್ಲಿ ತನ್ನ ತಾರೆ ಮೂಕಿ ಬೆಟ್ಸ್ ಅವರನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಬಿಟ್ಟುಕೊಟ್ಟಿತು. ನಿಮ್ಮ ಮನೆಯಲ್ಲಿ ಇವತ್ತಿಗೂ ಆ ನೋವು ಹೋಗಿಲ್ಲ. ವಯಸ್ಸಾದ ಪಿಚರ್‌ಗಳ (ಚೆಂಡು ಎಸೆಯುವವರ) ಮೇಲೆ ದುಡ್ಡು ಸುರಿದದ್ದರಿಂದಲೇ ಬೆಟ್ಸ್ ಕೈತಪ್ಪಿದರು ಎನ್ನುವುದು ನಿಮ್ಮ ವಾದ. ಮೂವತ್ತು ದಾಟಿದವರಿಗೆ ಉದ್ದನೆಯ ಒಪ್ಪಂದ ಕೊಡಬಾರದು ಅಂತ ಲೀಗ್ ಒಂದು ನಿಯಮ ಮಾಡಬಾರದೇ ಎಂದು ಕೇಳಿದ್ದೀರಿ. ನಮ್ಮ ಆರ್‌ಸಿಬಿ 2008ರಿಂದ ಕೊಹ್ಲಿಯನ್ನು ಉಳಿಸಿಕೊಂಡಿದೆ, ಅಷ್ಟು ಶ್ರೀಮಂತ ಬಾಸ್ಟನ್‌ಗೆ ಏನು ಕಷ್ಟವಿತ್ತು ಎಂದೂ ಕೇಳಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದು ಹಿರಿಯ ಆಟಗಾರರ ಮೇಲೆ ತಿರುಗಿರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಆರ್‌ಸಿಬಿ ವಿಷಯ ಬೇಗ ಮುಗಿಸುತ್ತೇನೆ. ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಒಂದೇ ಅಳತೆಯ ಥೈಲಿ. 2025ರ ಮೆಗಾ ಹರಾಜಿಗೆ ಅದು 120 ಕೋಟಿ ರೂಪಾಯಿ. ಅದರಲ್ಲಿ 21 ಕೋಟಿ ಕೊಟ್ಟು ಕೊಹ್ಲಿಯನ್ನು ಇಟ್ಟುಕೊಂಡರು. ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ಬಂದು ಹಳೆಯ ಲೆಕ್ಕವನ್ನೆಲ್ಲ ಒರೆಸಿ ಹಾಕುತ್ತದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಎರಡೂ ಇಲ್ಲ. ಖರ್ಚಿಗೆ ಕಟ್ಟುನಿಟ್ಟಿನ ಮಿತಿ ಇಲ್ಲ. ಬರೆದುಕೊಟ್ಟ ಒಪ್ಪಂದ ಅಳಿಸಿಹೋಗುವುದೂ ಇಲ್ಲ. ಆಟಗಾರನ ಮೊಣಕೈ ಮುರಿಯಲಿ, ತಂಡವೇ ಅವನನ್ನು ಮನೆಗೆ ಕಳಿಸಲಿ, ಕೊನೆಯ ಡಾಲರ್‌ವರೆಗೆ ಕೊಡಲೇಬೇಕು. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ.

ಬೇಸ್‌ಬಾಲ್‌ನಲ್ಲಿ ಇರುವುದು ಒಂದು ಗೆರೆ. ಲಕ್ಷುರಿ ಟ್ಯಾಕ್ಸ್ ಎನ್ನುತ್ತಾರಲ್ಲ, ಅದರ ಗೆರೆ. 2020ಕ್ಕೆ ಅದು 20.8 ಕೋಟಿ ಡಾಲರ್ ಇತ್ತು. ಆಗಿನ ನಿಯಮದ ಪ್ರಕಾರ ತಂಡದ ಒಟ್ಟು ಸಂಬಳದ ಮೊತ್ತ ಗೆರೆ ದಾಟಿದರೆ, ದಾಟಿದಷ್ಟು ಹಣದ ಮೇಲೆ ಮೊದಲ ವರ್ಷ ಶೇ. 20 ತೆರಿಗೆ. ಸತತ ಎರಡನೇ ವರ್ಷ ಶೇ. 30, ಮೂರನೇ ವರ್ಷ ಶೇ. 50. ತುಂಬಾ ಮೇಲೆ ಹೋದರೆ ಅದರ ಜೊತೆ ಇನ್ನಷ್ಟು ದಂಡ. ಒಂದು ವರ್ಷ ಕೆಳಗೆ ಇಳಿದರೆ ಲೆಕ್ಕ ಮತ್ತೆ ಶೇ. 20ರಿಂದ ಶುರು. ಬಾಸ್ಟನ್ 2018ರಲ್ಲೂ 2019ರಲ್ಲೂ ಗೆರೆ ದಾಟಿತ್ತು. 2020 ಮೂರನೇ ವರ್ಷ ಆಗುತ್ತಿತ್ತು.

ಇನ್ನೊಂದು ವಿಷಯ ಇಲ್ಲಿ ಮುಖ್ಯ. ಆ ವರ್ಷ ಕೈಗೆ ಕೊಟ್ಟ ಸಂಬಳವನ್ನು ತೆರಿಗೆಗೆ ಹಿಡಿಯುವುದಿಲ್ಲ, ಒಪ್ಪಂದದ ವಾರ್ಷಿಕ ಸರಾಸರಿಯನ್ನು ಹಿಡಿಯುತ್ತಾರೆ. ಪಿಚರ್ ಡೇವಿಡ್ ಪ್ರೈಸ್ ಬಾಸ್ಟನ್ ಜೊತೆ 2015ರ ಡಿಸೆಂಬರ್‌ನಲ್ಲಿ 7 ವರ್ಷಕ್ಕೆ 21.7 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಅವರು ಚೆನ್ನಾಗಿ ಎಸೆದ ವರ್ಷವೂ ಗಾಯದಿಂದ ಕೂತ ವರ್ಷವೂ ಗೆರೆಯ ಕೆಳಗೆ 3.1 ಕೋಟಿಯಷ್ಟು ಜಾಗ ಹಿಡಿದಿರುತ್ತಾರೆ. ನೇಥನ್ ಇಯೋವಾಲ್ಡಿ 4 ವರ್ಷಕ್ಕೆ 6.8 ಕೋಟಿ, ಅಂದರೆ ವರ್ಷಕ್ಕೆ 1.7 ಕೋಟಿ. ಕ್ರಿಸ್ ಸೇಲ್ 5 ವರ್ಷಕ್ಕೆ 14.5 ಕೋಟಿ. ಅದರಲ್ಲಿ ಒಂದು ಪಾಲನ್ನು ಕೊಡುವುದನ್ನು ಮುಂದಕ್ಕೆ ಹಾಕಿದ್ದರಿಂದ ತೆರಿಗೆ ಲೆಕ್ಕಕ್ಕೆ ಅದು ಸ್ವಲ್ಪ ಕಡಿಮೆಯಾಗಿ, ವರ್ಷಕ್ಕೆ ಎರಡೂವರೆ ಕೋಟಿ ದಾಟಿ. ಮೂರು ಜನ ಪಿಚರ್‌ಗಳು ಸೇರಿ ಗೆರೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನುಂಗಿದ್ದರು. 2019ರಲ್ಲಿ ಮೂವರೂ ಗಾಯ ಮಾಡಿಕೊಂಡರು. 2020ರ ಮಾರ್ಚ್‌ನಲ್ಲಿ ಸೇಲ್ ಮೊಣಕೈಗೆ ಟಾಮಿ ಜಾನ್ ಎಂಬ ಶಸ್ತ್ರಚಿಕಿತ್ಸೆ (ಹರಿದ ಅಸ್ಥಿರಜ್ಜು ಸರಿಪಡಿಸುವುದು) ಆಯಿತು, ಆ ಇಡೀ ವರ್ಷ ಹೋಯಿತು.

ಇಲ್ಲಿಯವರೆಗೆ ನಿಮ್ಮ ಮಾತೇ ಸರಿ. ಆಟಗಾರರನ್ನು ಅದಲುಬದಲು ಮಾಡಿಕೊಂಡ ವ್ಯಾಪಾರದ ವಿವರ ನೋಡಿದರೆ ಅದು ಇನ್ನೂ ಸರಿ ಅನ್ನಿಸುತ್ತದೆ. ಬಾಸ್ಟನ್ ಬರೀ ಬೆಟ್ಸ್ ಅವರನ್ನು ಕಳಿಸಲಿಲ್ಲ. ಜೊತೆಗೆ ಪ್ರೈಸ್ ಅವರನ್ನೂ ಕಳಿಸಿತು. ಪ್ರೈಸ್‌ಗೆ ಇನ್ನೂ 3 ವರ್ಷ, 9.6 ಕೋಟಿ ಡಾಲರ್ ಬಾಕಿ ಇತ್ತು. ಅದರಲ್ಲಿ ಅರ್ಧ, 4.8 ಕೋಟಿ, ತಾನೇ ಕಟ್ಟಲು ಬಾಸ್ಟನ್ ಒಪ್ಪಿತು. ಉಳಿದರ್ಧ ಡಾಡ್ಜರ್ಸ್ ಹೊತ್ತುಕೊಂಡಿತು. ಯಾಕೆ ಹೊತ್ತುಕೊಂಡಿತು? ಬೆಟ್ಸ್ ಸಿಗುತ್ತಾರೆ ಅಂತ. ಲೀಗಿನ ಅತ್ಯುತ್ತಮ ಇಬ್ಬರು ಮೂವರು ಆಟಗಾರರಲ್ಲಿ ಒಬ್ಬರನ್ನು ಹಳೆಯ ಒಪ್ಪಂದವೊಂದನ್ನು ಸಾಗಹಾಕಲು ಬಳಸಿದರು. ಬದಲಿಗೆ ಬಂದವರು ಅಲೆಕ್ಸ್ ವರ್ಡುಗೊ, ಜೀಟರ್ ಡೌನ್ಸ್, ಕಾನರ್ ವಾಂಗ್. ದೊಡ್ಡ ಒಪ್ಪಂದಗಳು ತಾರೆಗಳನ್ನು ಹೇಗೆ ಕಸಿದುಕೊಳ್ಳುತ್ತವೆ ಎಂದು ತೋರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಪ್ರೈಸ್ ಸುಮ್ನೆ ಕೂತು ತಿಂದವರೇ? 2018ರ ಅಕ್ಟೋಬರ್ ನೆನಪಿಸಿಕೊಳ್ಳಿ. ಹ್ಯೂಸ್ಟನ್‌ನಲ್ಲಿ ಆರು ಇನಿಂಗ್ಸ್ ಒಂದೂ ರನ್ ಕೊಡದೆ ಎಸೆದು ತಂಡವನ್ನು ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ಗೆ ಕರೆದುಕೊಂಡು ಹೋದವರು ಅವರು. ಅಲ್ಲಿ ಎರಡನೇ ಪಂದ್ಯ ಗೆದ್ದರು. ಕಪ್ ಗೆದ್ದ ಐದನೇ ಪಂದ್ಯವನ್ನೂ ಗೆದ್ದರು. ಇಯೋವಾಲ್ಡಿ 18 ಇನಿಂಗ್ಸ್ (ಮಾಮೂಲಿಯ ಇಮ್ಮಡಿ) ನಡೆದ ಮೂರನೇ ಪಂದ್ಯದಲ್ಲಿ ತಡರಾತ್ರಿ ಬಂದು 97 ಎಸೆತ ಎಸೆದರು. ಆ ಪಂದ್ಯ ಸೋತರು, ನಿಜ. ಆದರೂ ಆ ರಾತ್ರಿಯ ಬಗ್ಗೆ ಬಾಸ್ಟನ್ ಜನ ಈಗಲೂ ಅಭಿಮಾನದಿಂದ ಮಾತಾಡುತ್ತಾರೆ. ನಿಮ್ಮ ಮನೆಯಲ್ಲೂ ಮಾತಾಡಿರುತ್ತೀರಿ. ಆ ಕಪ್ಪಿನ ಬೆಲೆ ಇವರ ಒಪ್ಪಂದಗಳಲ್ಲಿ ಇತ್ತು, ಅಲ್ವಾ?

ಇನ್ನು ಬೆಟ್ಸ್ ಸಂಬಳ ನೋಡಿ. ನನಗೆ ಹೆಚ್ಚು ಬೇಸರ ತರುವುದು ಇದೇ. ಬೇಸ್‌ಬಾಲ್‌ನಲ್ಲಿ ಹುಡುಗನೊಬ್ಬ ದೊಡ್ಡ ಲೀಗಿಗೆ ಬಂದ ಮೇಲೆ ಸುಮಾರು ಮೂರು ವರ್ಷ ತಂಡ ಕೊಟ್ಟಷ್ಟೇ ಸಂಬಳ, ಹೆಚ್ಚುಕಡಿಮೆ ಕನಿಷ್ಠ ವೇತನ. ಮುಂದಿನ ಮೂರು ವರ್ಷ ತಂಡ ಮತ್ತು ಆಟಗಾರ ಒಪ್ಪದಿದ್ದರೆ ಮಧ್ಯಸ್ಥರು ತೀರ್ಮಾನಿಸುತ್ತಾರೆ. ಆರು ವರ್ಷ ಮುಗಿದ ಮೇಲಷ್ಟೇ ಬೇರೆ ತಂಡದ ಜೊತೆ ಮಾತಾಡುವ ಸ್ವಾತಂತ್ರ್ಯ. ಬೆಟ್ಸ್ 2016ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವರಾದರು. ಆ ವರ್ಷದ ಸಂಬಳ 5.66 ಲಕ್ಷ ಡಾಲರ್. ಅದೇ ವರ್ಷ ಪ್ರೈಸ್‌ಗೆ 3 ಕೋಟಿ. 2018ರಲ್ಲಿ ಬೆಟ್ಸ್ 1.05 ಕೋಟಿ ಕೇಳಿದರೆ ತಂಡ 75 ಲಕ್ಷ ಸಾಕು ಎಂದು ಮಧ್ಯಸ್ಥರ ಮುಂದೆ ವಾದ ಮಾಡಿತು. ಬೆಟ್ಸ್ ಗೆದ್ದರು. ಆ ಋತುವಿನಲ್ಲಿ .346 ಬ್ಯಾಟಿಂಗ್ ಸರಾಸರಿ, 32 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಎಸೆತದ ನಡುವೆ ಓಡಿ ಕದ್ದ ಬೇಸ್ 30. ತಂಡ 108 ಪಂದ್ಯ ಗೆದ್ದಿತು, ಬೆಟ್ಸ್ ಅತ್ಯುತ್ತಮ ಆಟಗಾರರಾದರು.

ಅಂದರೆ ಪ್ರೈಸ್‌ಗೆ ಅಷ್ಟು ಕೊಡಲು ಸಾಧ್ಯವಾದದ್ದೇ ಬೆಟ್ಸ್‌ಗೆ ಕಡಿಮೆ ಕೊಟ್ಟದ್ದರಿಂದ. ಹುಡುಗರ ಆಟ ಅಗ್ಗಕ್ಕೆ ಸಿಗುವ ನಾಲ್ಕೈದು ವರ್ಷ ಇದೆಯಲ್ಲ, ಆಗ ಉಳಿದ ಹಣದಲ್ಲಿ ತಂಡಗಳು ಹೊರಗಿನ ಹಿರಿಯರನ್ನು ಕೊಳ್ಳುತ್ತವೆ. ಆ ಹುಡುಗನಿಗೆ ಸರಿಯಾದ ಸಂಬಳ ಕೊಡುವ ದಿನ ಬಂದಾಗ ಹಿರಿಯರ ಒಪ್ಪಂದ ಇನ್ನೂ ಮೂರು ವರ್ಷ ಬಾಕಿ ಇರುತ್ತದೆ. ಎರಡೂ ಲೆಕ್ಕ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಆ ದಿನ ಬರುತ್ತದೆ ಅಂತ ತಂಡಕ್ಕೆ ಆರು ವರ್ಷ ಮೊದಲೇ ಗೊತ್ತು.

ಆದ್ದರಿಂದಲೇ ನೀವು ಕೇಳುವ ನಿಯಮ ಬೇಡ ಎನ್ನುತ್ತೇನೆ. ಪ್ರೈಸ್ ಕೂಡ ಒಂದು ಕಾಲಕ್ಕೆ ಟ್ಯಾಂಪಾ ಬೇ ತಂಡದಲ್ಲಿ ಅಗ್ಗದ ಹುಡುಗನಾಗಿದ್ದವರು. ಮೂವತ್ತರ ಹೊತ್ತಿಗೆ ಸಿಗುವ ಒಪ್ಪಂದದಲ್ಲಿ ಇಪ್ಪತ್ತರಲ್ಲಿ ಸಿಗದ ದುಡ್ಡೂ ಸೇರಿರುತ್ತದೆ. ಅದಕ್ಕೂ ಕತ್ತರಿ ಹಾಕಿದರೆ ಆಟಗಾರನಿಗೆ ದುಡಿಯುವ ಕಾಲವೇ ಇರುವುದಿಲ್ಲ. ನಿಯಮ ಬದಲಿಸುವುದಾದರೆ ಮೊದಲ ಮೂರು ವರ್ಷದ ಸಂಬಳ ಹೆಚ್ಚಿಸಲಿ.

ಬಾಸ್ಟನ್‌ನಲ್ಲೇ ಇನ್ನೊಬ್ಬರು ಇದ್ದರು, ನಿಮ್ಮ ಪತ್ರದಲ್ಲಿ ಅವರ ಹೆಸರಿಲ್ಲ. ಡಸ್ಟಿನ್ ಪೆಡ್ರೋಯಾ. ತಂಡವೇ ಬೆಳೆಸಿದ ಆಟಗಾರ, 2008ರ ಅತ್ಯುತ್ತಮ ಆಟಗಾರ. ಅವರನ್ನು ಕಳೆದುಕೊಳ್ಳಬಾರದು ಎಂದು 2014ರಿಂದ 2021ರವರೆಗೆ ಸುಮಾರು 11 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿದರು. ಎಲ್ಲರೂ ಮೆಚ್ಚಿದರು. ನೀವು ಬೆಟ್ಸ್‌ಗೆ ಆಗಬೇಕಿತ್ತು ಎನ್ನುವುದು ಪೆಡ್ರೋಯಾಗೆ ಆಗಿತ್ತು. 2017ರಲ್ಲಿ ಮೊಣಕಾಲು ಹೋಯಿತು. 2018 ಮತ್ತು 2019 ಎರಡೂ ಸೇರಿ ಅವರು ಆಡಿದ್ದು 9 ಪಂದ್ಯ. ಬೆಟ್ಸ್ ಹೋಗುವ ವರ್ಷ ಗೆರೆಯ ಕೆಳಗೆ ಅವರದ್ದೂ ಒಂದು ಪಾಲು ಇತ್ತು. ನಿನ್ನೆ ನಾವು ಉಳಿಸಿಕೊಳ್ಳಿ ಎಂದು ಕೂಗಿದ ತಾರೆಯೇ ಇವತ್ತು ದುಬಾರಿ ಹಿರಿಯ ಆಟಗಾರ. ಬೆಟ್ಸ್‌ಗೂ ಇದು ತಪ್ಪಿದ್ದಲ್ಲ. ಡಾಡ್ಜರ್ಸ್ ಜೊತೆ ಅವರ 12 ವರ್ಷ, 36.5 ಕೋಟಿ ಡಾಲರ್ ಒಪ್ಪಂದ 2032ಕ್ಕೆ ಮುಗಿಯುವಾಗ ಅವರಿಗೆ 40 ವರ್ಷ.

ಯಾರನ್ನು ಉಳಿಸಿಕೊಳ್ಳಬೇಕು ಎಂದು ಮೊದಲೇ ಹೇಳುವುದು ಎಷ್ಟು ಕಷ್ಟ ಎಂಬುದಕ್ಕೆ ವಾಷಿಂಗ್ಟನ್ ನೋಡಿ. ನ್ಯಾಷನಲ್ಸ್ ತಂಡ 2019ರ ವರ್ಲ್ಡ್ ಸೀರೀಸ್ ಗೆದ್ದಾಗ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ ಮತ್ತು ಬ್ಯಾಟರ್ ಆಂಥೊನಿ ರೆಂಡಾನ್ ಇಬ್ಬರೂ ಬೇರೆ ತಂಡದ ಜೊತೆ ಮಾತಾಡಲು ಸ್ವತಂತ್ರರಾದರು. ಇಬ್ಬರಲ್ಲಿ ಒಬ್ಬರನ್ನಷ್ಟೇ ಇಟ್ಟುಕೊಳ್ಳಲು ಸಾಧ್ಯ ಎಂದು ಮಾಲೀಕರು ಹೇಳಿದರು. ಸ್ಟ್ರಾಸ್‌ಬರ್ಗ್‌ಗೆ 7 ವರ್ಷಕ್ಕೆ 24.5 ಕೋಟಿ ಡಾಲರ್ ಕೊಟ್ಟರು. ಅದೇ ವಾರ ಏಂಜಲ್ಸ್ ತಂಡ ರೆಂಡಾನ್‌ಗೆ 7 ವರ್ಷಕ್ಕೆ ಅಷ್ಟೇ ಹಣ ಕೊಟ್ಟಿತು. ಆಮೇಲೆ ಸ್ಟ್ರಾಸ್‌ಬರ್ಗ್ ಎಸೆದದ್ದು ಒಟ್ಟು 8 ಪಂದ್ಯ. ರೆಂಡಾನ್ ಯಾವ ಋತುವಿನಲ್ಲೂ 58ಕ್ಕಿಂತ ಹೆಚ್ಚು ಪಂದ್ಯ ಆಡಲಿಲ್ಲ. ವಾಷಿಂಗ್ಟನ್ 2021ರಲ್ಲಿ ಟ್ರೇ ಟರ್ನರ್ ಅವರನ್ನು ಬಿಟ್ಟಿತು. 15 ವರ್ಷಕ್ಕೆ 44 ಕೋಟಿ ಕೊಡುತ್ತೇವೆಂದರೂ ಹ್ವಾನ್ ಸೋಟೊ ಒಪ್ಪದಿದ್ದಾಗ 2022ರಲ್ಲಿ ಅವರನ್ನೂ ಬಿಟ್ಟಿತು.

ಏಂಜಲ್ಸ್ ಕಥೆ ಬೇರೆ ಥರದ್ದು. ಅವರು ಮೈಕ್ ಟ್ರೌಟ್ ಅವರನ್ನು 12 ವರ್ಷಕ್ಕೆ 42.65 ಕೋಟಿ ಕೊಟ್ಟು ಉಳಿಸಿಕೊಂಡರು. ಆದರೆ ಆಲ್ಬರ್ಟ್ ಪುಹೋಲ್ಸ್‌ಗೆ 10 ವರ್ಷಕ್ಕೆ 24 ಕೋಟಿ, ಜಾಶ್ ಹ್ಯಾಮಿಲ್ಟನ್‌ಗೆ 5 ವರ್ಷಕ್ಕೆ 12.5 ಕೋಟಿ, ಆಮೇಲೆ ರೆಂಡಾನ್. ಟ್ರೌಟ್ ಪ್ಲೇಆಫ್ ಕಂಡದ್ದು 2014ರಲ್ಲಿ ಒಮ್ಮೆ, ಮೂರೇ ಪಂದ್ಯ, ಮೂರೂ ಸೋಲು. ಶೋಹೇ ಒಹ್ತಾನಿ ಅಲ್ಲಿ ಆರು ಋತು ಆಡಿ, ಪ್ಲೇಆಫ್ ನೋಡದೆ, 2023ರ ಕೊನೆಗೆ ಡಾಡ್ಜರ್ಸ್‌ಗೆ ಹೋದರು. ದುಡ್ಡಿಗಾಗಿ ಮಾತ್ರ ಹೋದರು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಗೆಲ್ಲುವ ತಂಡ ಕಟ್ಟಲು ಆಗದಿದ್ದರೆ ತಾರೆ ಯಾಕೆ ಉಳಿಯಬೇಕು?

ಈಗ ಮಾಲೀಕರ ಮಾತಿಗೆ ಬರುತ್ತೇನೆ, ನಿಮ್ಮ ಸಿಟ್ಟು ಹೋಗಬೇಕಾದ್ದು ಅಲ್ಲಿಗೆ. ಬಾಸ್ಟನ್‌ಗೆ ಆಗಲಿಲ್ಲ ಎನ್ನುವುದಕ್ಕಿಂತ ಮನಸ್ಸು ಮಾಡಲಿಲ್ಲ ಎನ್ನುವುದೇ ಸರಿ. 2020ಕ್ಕೆ ಗೆರೆಯ ಕೆಳಗೆ ಇಳಿಯಬೇಕು ಎಂದು ಮಾಲೀಕ ಜಾನ್ ಹೆನ್ರಿ 2019ರ ಸೆಪ್ಟೆಂಬರ್‌ನಲ್ಲೇ ಹೇಳಿದ್ದರು. ಗೆರೆಯನ್ನು 2 ಕೋಟಿ ಡಾಲರ್‌ನಷ್ಟು ದಾಟಿದ್ದರೆ ಮೂರನೇ ವರ್ಷದ ತೆರಿಗೆ 1 ಕೋಟಿ ಆಗುತ್ತಿತ್ತು. ಚಿಕ್ಕ ಮೊತ್ತವಲ್ಲ. ಆದರೆ ನೆಸನ್ ಟಿವಿ ಚಾನೆಲ್‌ನ ಶೇ. 80 ಪಾಲು ಇಟ್ಟುಕೊಂಡ, ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್‌ನ ಒಡೆತನವೂ ಇರುವ ಕಂಪನಿಗೆ ಅದು ಹೊರಲಾರದ ಭಾರ ಎಂದು ನಾನು ನಂಬಲಾರೆ. ಬೆಟ್ಸ್ ಹೋದ ಎರಡು ವರ್ಷದೊಳಗೆ ಅದೇ ಕಂಪನಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಐಸ್ ಹಾಕಿ ತಂಡವನ್ನು ಕೊಂಡಿತು. ಹಳೆಯ ಒಪ್ಪಂದಗಳು ಜಾಗ ಕಡಿಮೆ ಮಾಡಿದವು. ಇರುವ ಜಾಗದಲ್ಲಿ ಯಾರು ಎದ್ದು ಹೋಗಬೇಕು ಎಂದು ತೀರ್ಮಾನಿಸಿದ್ದು ಮಾಲೀಕರು. ಬೆಟ್ಸ್ ಹೋದ ವರ್ಷ ಬಾಸ್ಟನ್ 24 ಗೆದ್ದು 36 ಸೋತು ತನ್ನ ವಿಭಾಗದಲ್ಲಿ ಕೊನೆಯ ಸ್ಥಾನಕ್ಕೆ ಬಿತ್ತು. ಡಾಡ್ಜರ್ಸ್ ಕಪ್ ಎತ್ತಿತು.

ಹಾಗಾದರೆ ಏನು ಮಾಡಬೇಕಿತ್ತು ಎಂದು ನೀವು ಕೇಳಬಹುದು. ಅಟ್ಲಾಂಟಾ ಬ್ರೇವ್ಸ್ ಮಾಡಿದ್ದನ್ನು ಬೇಗ ಮಾಡಬೇಕಿತ್ತು. ಅವರು 2019ರಲ್ಲಿ ರೊನಾಲ್ಡ್ ಅಕುನ್ಯಾಗೆ 21ನೇ ವಯಸ್ಸಿನಲ್ಲೇ 8 ವರ್ಷಕ್ಕೆ 10 ಕೋಟಿ ಕೊಟ್ಟು ಕಟ್ಟಿಹಾಕಿದರು. ಓಜಿ ಆಲ್ಬೀಸ್‌ಗೆ ಕೊಟ್ಟದ್ದು 7 ವರ್ಷಕ್ಕೆ ಬರೀ 3.5 ಕೋಟಿ, ಅದು ಹುಡುಗನಿಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೂ ದಾರಿ ಸರಿಯಾದದ್ದು. ಹುಡುಗನಿಗೆ ದುಡ್ಡು ಬೇಕಾದಾಗ ಸಿಗುತ್ತದೆ, ಒಪ್ಪಂದ ಮುಗಿಯುವ ಹೊತ್ತಿಗೆ ಅವನಿನ್ನೂ ಮುದುಕನಾಗಿರುವುದಿಲ್ಲ. ನ್ಯಾಯವಾದ ಬೆಲೆ ಕೊಟ್ಟರೆ ಇಬ್ಬರಿಗೂ ಒಳ್ಳೆಯದು.

ಬಾಸ್ಟನ್ ಈಗ ಆ ದಾರಿ ಹಿಡಿದಿದೆ. 2025ರ ಏಪ್ರಿಲ್‌ನಲ್ಲಿ ಕ್ರಿಸ್ಟಿಯನ್ ಕ್ಯಾಂಬೆಲ್‌ಗೆ 8 ವರ್ಷಕ್ಕೆ 6 ಕೋಟಿ. ಆಗಸ್ಟ್‌ನಲ್ಲಿ ರೋಮನ್ ಆಂಥೊನಿಗೆ 8 ವರ್ಷಕ್ಕೆ 13 ಕೋಟಿ, ಅದೂ ಅವರು ದೊಡ್ಡ ಲೀಗಿಗೆ ಬಂದು ಎರಡು ತಿಂಗಳು ತುಂಬುವ ಹೊತ್ತಿಗೆ, 21ನೇ ವಯಸ್ಸಿನಲ್ಲಿ. ಆದರೆ ಅದೇ ವರ್ಷದ ಜೂನ್‌ನಲ್ಲಿ ತನ್ನ ತಾರೆ ರಫಾಯೆಲ್ ಡೆವರ್ಸ್ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿತು. ಅವರ 31.35 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ ಆಗ ಎರಡೂವರೆ ವರ್ಷವೂ ಆಗಿರಲಿಲ್ಲ. ನಿಮ್ಮ ಮನೆಯವರು ಈಗ ಆಂಥೊನಿ ಆಟ ನೋಡಲು ಬಾಸ್ಟನ್ನಿನ ಫೆನ್‌ವೇ ಮೈದಾನಕ್ಕೆ ಹೋಗುತ್ತಿದ್ದಾರೆ ಎಂದು ಬರೆದಿದ್ದೀರಿ. ಖಂಡಿತ ಹೋಗಲಿ. ಅವರ ಒಪ್ಪಂದ 2033ರವರೆಗೆ ಇದೆ. ಅಷ್ಟರೊಳಗೆ ಮಾಲೀಕರು ಗೆರೆಯ ನೆಪ ಮತ್ತೆ ತೆಗೆದರೆ ನನಗಲ್ಲ, ನೇರವಾಗಿ ಅವರಿಗೇ ಒಂದು ಪತ್ರ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ