ಬೇನೆ ಕಡಿಮೆಯಿದ್ದ ದಿನವೇ ನಾನು ತಪ್ಪಿದ್ದು

ಎರಡು ವರ್ಷದಿಂದ ಸೊಂಟನೋವು. ಬೆಲ್ಟು, ಎಣ್ಣೆ ಚಿಕಿತ್ಸೆ, ಆಪರೇಷನ್ ಇವುಗಳಲ್ಲಿ ಯಾವುದು ಮಾಡಿಸಿದರೆ ಪೂರ್ತಿ ಗುಣವಾಗಿ ಮತ್ತೆ ತೋಟಕ್ಕೆ ಇಳಿಯಬಹುದು ಎಂದು ಕೇಳಿದ್ದೀರಿ. 2018ರಲ್ಲಿ ನಾನೂ ಇದನ್ನೇ ಕೇಳಿಕೊಂಡು ಅಲೆಯುತ್ತಿದ್ದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಎಂಆರ್‌ಐ ಸ್ಕ್ಯಾನಿನಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಎಂದು ಬಂತು. ಆ ಕಾಗದ ನೋಡಿ ನಾನು ಅತ್ತುಬಿಟ್ಟೆ. ಬೇನೆಯೇ ಇಲ್ಲದ 40ರ ವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೂ ಅರ್ಧದಷ್ಟು ಜನರಲ್ಲಿ ಅದೇ ಉಬ್ಬು ಕಾಣುತ್ತದೆ ಎಂದು ಆಗ ಯಾರೂ ಹೇಳಲಿಲ್ಲ. ಆಪರೇಷನ್ ಬೇಡ, ವ್ಯಾಯಾಮ ಮಾಡಿ ಎಂದರು. ಮಂಗಳೂರಿಗೆ ಫಿಸಿಯೋಥೆರಪಿಗೆ ಹೋಗತೊಡಗಿದೆ.

ನನ್ನ ತಪ್ಪು ಏನೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡುತ್ತಿರಬಹುದು. ಒಂದು ತಿಂಗಳ ವ್ಯಾಯಾಮದ ನಂತರ ಒಂದು ಬೆಳಿಗ್ಗೆ ಬೇನೆ ಹಗುರವಾಗಿತ್ತು. ಅಷ್ಟೇ ಸಾಕಾಯಿತು. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನೆಲ್ಲ ಕೈಯಾಡಿಸಿದೆ, ಗೋಣಿಗೆ ತುಂಬಿಸಿದೆ, ಎರಡು ಕಂಬಳಿ ಒಗೆದೆ, ಸಂಜೆ ನೆಲವನ್ನೂ ಒರೆಸಿದೆ. ತಿಂಗಳಿಡೀ ಅತ್ತೆಯವರೇ ಎಲ್ಲ ಮಾಡಿದ್ದರಲ್ಲ, ಆ ಋಣ ಒಂದೇ ದಿನದಲ್ಲಿ ತೀರಿಸುವ ಆತುರ. ಮರುದಿನ ಚಾಪೆಯಿಂದ ಏಳಲಾಗಲಿಲ್ಲ. ಒಂಬತ್ತು ದಿನ ಮಲಗಿದೆ. ಎದ್ದ ಮೇಲೆ ದೂರಿದ್ದು ವ್ಯಾಯಾಮವನ್ನು! ಅದನ್ನು ಬಿಟ್ಟೆ, ಮೈ ಇನ್ನಷ್ಟು ಸೋತಿತು. ಮತ್ತೆ ಹಗುರಾದ ದಿನ ಮತ್ತೆ ಅದೇ ಕಥೆ. ಹೀಗೆ ಎರಡು ವರ್ಷ.

2020ರ ಮಾರ್ಚಿನಲ್ಲಿ ಕೊರೋನಾ ಎಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದರು, ಮಂಗಳೂರಿನ ದಾರಿಯೇ ಇಲ್ಲದಾಯಿತು. ಫಿಸಿಯೋ ಮೇಡಂ ಫೋನಿನಲ್ಲೇ, ದಿನಾ ಮಾಡಿದ್ದನ್ನು ಬರೆದಿಡಿ ಎಂದರು. ಮಗಳ ಹಳೆಯ ಕಾಪಿ ಪುಸ್ತಕದಲ್ಲಿ ಬರೆದೆ. ಆರು ವಾರದ ನಂತರ ಪುಟ ತಿರುವಿದರೆ, ಮಲಗಿದ ಪ್ರತಿ ಸರದಿಯ ಹಿಂದಿನ ದಿನ ನನ್ನದೇ ಅಕ್ಷರದಲ್ಲಿ “ಇವತ್ತು ಆರಾಮ” ಎಂದಿತ್ತು.

ಮೂರು ತಿಂಗಳು ದಾಟಿದ ಬೇನೆ ಹಲವು ಸಲ ಗಾಯದಷ್ಟೇ ನರಗಳ ವಿಷಯವೂ ಹೌದು. ಅವು ಅತಿ ಚುರುಕಾಗಿಬಿಟ್ಟಿರುತ್ತವೆ, ಸೋಗೆ ಬಿದ್ದರೂ ಬೊಗಳುವ ನಾಯಿಯ ಹಾಗೆ. ಆ ನಾಯಿಯನ್ನು ಬೆದರಿಸದೆ ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಬೇಕು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪೂರ್ತಿ ಗುಣವಾದ ಮೇಲೆ ಕೆಲಸ ಎಂದು ಕೂತರೆ ಎರಡೂ ಸಿಗುವುದಿಲ್ಲ. ಬೆಲ್ಟು ನನಗೇನೂ ಮಾಡಲಿಲ್ಲ. ಎಣ್ಣೆ ಹಚ್ಚಿದರೆ ಹಿತ, ಹಚ್ಚಿಕೊಳ್ಳಿ, ಆದರೆ ಅದನ್ನೇ ನಂಬಿ ಮಲಗಬೇಡಿ. ಕಾಲಿನ ಬಲ ಕುಗ್ಗಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಇಲ್ಲವೇ ತೊಡೆಸಂದಿ ಮರಗಟ್ಟಿದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ.

ನಾನು ಮಾಡಿದ್ದು ಇಷ್ಟು. ಅಂಗಳದಲ್ಲಿ ಅಡಿಕೆ ಕೈಯಾಡಿಸಲು ಒಳ್ಳೆಯ ದಿನ 25 ನಿಮಿಷ ತಡೆಯುತ್ತಿತ್ತು, ಕೆಟ್ಟ ದಿನ 5. ಸರಾಸರಿ 15, ಅದರಲ್ಲೂ ಐದರಲ್ಲೊಂದು ಪಾಲು ಕಳೆದು 12. ಫೋನಿನಲ್ಲಿ ಅಲಾರಂ ಇಟ್ಟೆ. ಹೊಡೆದ ಕೂಡಲೇ, ಬೇನೆ ಇರಲಿ ಇಲ್ಲದಿರಲಿ, ನಿಲ್ಲಿಸಬೇಕು. ಕೆಟ್ಟ ದಿನವೂ ಮಲಗದೆ ಆದಷ್ಟು ಮಾಡಬೇಕು. ವಾರಕ್ಕೆ ಒಂದು ನಿಮಿಷ ಏರಿಸಿದೆ. ಆರಾಮ ಇದ್ದಾಗ ನಿಲ್ಲಿಸುವುದೇ ಕಷ್ಟ. ಅರ್ಧ ಅಂಗಳ ಬಿಟ್ಟು ಒಳಗೆ ಹೋಗುವಾಗ ಅತ್ತೆಯವರ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಕಾಪಿ ಪುಸ್ತಕ ತೋರಿಸಿ ವಿವರಿಸಿದೆ. ಈಗ ಅಲಾರಂ ಕೇಳಿದರೆ “ಸಾಕು, ನೀನು ಒಳಗೆ ಹೋಗು” ಎಂದು ಅವರೇ ಹೇಳುತ್ತಾರೆ.

ಬೇನೆ ಈಗಲೂ ಇದೆ. ಹೋದ ವರ್ಷ ಒಂದು ದಿನವೂ ಮಲಗಲಿಲ್ಲ. ನಾಳೆಯೇ ನಿಮ್ಮ ಕೆಟ್ಟ ದಿನದ ನಿಮಿಷ, ಒಳ್ಳೆಯ ದಿನದ ನಿಮಿಷ ಎರಡನ್ನೂ ಬರೆಯಲು ಶುರು ಮಾಡಿ. ಎರಡು ವಾರದ ಲೆಕ್ಕ ಇಲ್ಲಿ ಹಾಕಿದರೆ ಎಷ್ಟರಿಂದ ತೊಡಗಬಹುದೆಂದು ಒಟ್ಟಿಗೆ ಕೂತು ನೋಡೋಣ.