ಇನ್ನೆಷ್ಟು ಸುತ್ತು, ಸಾಬ್?

ನನ್ನ ತಮ್ಮ ಸೈನ್ಯಕ್ಕೆ ಸೇರಿ ಎರಡು ವರ್ಷ ಆಯ್ತು, ಮೇಲಿನವರು ಏನು ಹೇಳಿದರೂ ಸುಮ್ನೆ ಮಾಡುತ್ತಾನೆ, ಅವನಿಗೆ ಧೈರ್ಯ ಇಲ್ವಾ, ಕೆಲಸ ಬಿಟ್ಟು ಬಾ ಅನ್ನಲಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಿಮ್ಮ ತಮ್ಮನ ಜಾಗದಲ್ಲಿ ನಾನು ನಿಂತಿದ್ದೆ.

ನಮ್ಮದು ಹೊಸನಗರದ ಹತ್ತಿರ ಒಂದು ಹಳ್ಳಿ. ಪಿಯುಸಿ ಮುಗಿಸಿ ಭರ್ತಿಯಾದೆ, ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಈಗ ಅಡಿಕೆ ತೋಟ ನೋಡಿಕೊಳ್ಳುತ್ತೇನೆ. ಹೇಳಲು ಹೊರಟಿರುವುದು ಹವಾಲ್ದಾರಿಗಿಂತ ಎರಡು ಮೆಟ್ಟಿಲು ಕೆಳಗೆ, ಲ್ಯಾನ್ಸ್ ನಾಯಕ್ ಆಗಿದ್ದಾಗಿನ ಮಾತು. ಯಾವ ಊರು, ಯಾವ ಪಲ್ಟನ್ ಅಂತ ಹೇಳುವುದಿಲ್ಲ.

ಮೇ ತಿಂಗಳು. ಬೆಳಿಗ್ಗೆ ಹತ್ತೂವರೆಗೇ ಮೈದಾನ ಕಾದ ಕಾವಲಿಯ ಹಾಗಿತ್ತು. ಉತ್ತರದ ಕಡೆಯ ಒಬ್ಬ ಹುಡುಗ, ಹತ್ತೊಂಬತ್ತು ವರ್ಷ. ಅವನ ರೈಫಲ್ಲಿನ ಬ್ಯಾರೆಲ್ಲಿನಲ್ಲಿ ತುಕ್ಕಿನ ಒಂದು ಚುಕ್ಕೆ ಸಿಕ್ಕಿತು. ಸೂಬೇದಾರ್ ಸಾಬ್ ನನ್ನನ್ನು ಕರೆದು, 'ಪಿಟ್ಟು ಹೊರಿಸಿ ಮೈದಾನ ಸುತ್ತಿಸು, ನಾನು ಹೇಳುವವರೆಗೆ' ಅಂದರು. ಪಿಟ್ಟು ಅಂದರೆ ಬೆನ್ನಿಗೆ ಹಾಕುವ ಭಾರದ ಚೀಲ. ಇದಕ್ಕೆ ನಮ್ಮಲ್ಲಿ ರಗಡಾ ಅನ್ನುತ್ತಾರೆ. ಎಲ್ಲರೂ ತಿಂದಿರುತ್ತಾರೆ, ನಾನೂ ತಿಂದಿದ್ದೆ. ಸಾಬ್ ಹೋಗಿ ಆಫೀಸಿನ ಜಗಲಿಯಲ್ಲಿ ಕೂತರು. ನನ್ನಿಂದ ಇನ್ನೂರು ಹೆಜ್ಜೆ.

ಐದು ಸುತ್ತು ಸರಿಯಾಗೇ ಓಡಿದ. ಆರನೆಯದರಲ್ಲಿ ನನ್ನ ಪಕ್ಕ ಬಂದು ನಿಂತ. ಬೆನ್ನಿನ ಮೇಲೆ ಬೆವರು ಒಣಗಿ ಅಂಗಿಯಲ್ಲಿ ಉಪ್ಪಿನ ಬಿಳಿ ಗೆರೆ ಎದ್ದಿತ್ತು. ಎಡಗೈ ಪಿಟ್ಟಿನ ಪಟ್ಟಿ ಹಿಡಿದಿತ್ತು, ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. 'ಉಸ್ತಾದ್, ನೆಲ ಅಲ್ಲಾಡ್ತಿದೆ' ಅಂದ. ನಾಲಿಗೆ ದಪ್ಪಗಾಗಿ ಮಾತು ತೊದಲುತ್ತಿತ್ತು.

ನಾನು ಸುಮ್ಮನಿರಲಿಲ್ಲ. ಇನ್ನೂರು ಹೆಜ್ಜೆ ನಡೆದು ಹೋದೆ, ಅಟೆನ್ಷನ್‌ನಲ್ಲಿ ನಿಂತು ಸೆಲ್ಯೂಟ್ ಹೊಡೆದೆ, ಕೇಳಿದೆ: 'ಇನ್ನೆಷ್ಟು ಸುತ್ತು, ಸಾಬ್?' ಅವರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. 'ಚಾರ್' ಅಂದರು.

ನನ್ನ ತಪ್ಪು ಆ ಪ್ರಶ್ನೆ. ಇಷ್ಟು ವರ್ಷ ಅದನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಅದರಲ್ಲಿ ಹುಡುಗನೇ ಇಲ್ಲ, ಸುತ್ತು ಮಾತ್ರ ಇದೆ. 'ಎಷ್ಟು' ಅಂದ ಕೂಡಲೇ ಅವನು ಓಡಬೇಕು ಅಂತ ನಾನೇ ಒಪ್ಪಿಕೊಂಡಾಯಿತು. ಅಂಗಡಿಯಲ್ಲಿ ಬೇಡ ಅನ್ನುವವನು ರೇಟು ಕೇಳುವುದಿಲ್ಲ ಅಲ್ವಾ? ನಾನು ರೇಟು ಕೇಳಿದೆ. ನೆಲ ಅಲ್ಲಾಡುತ್ತಿದೆ ಅಂದದ್ದನ್ನು ಹೇಳಲಿಲ್ಲ, ಮಾತು ತೊದಲುತ್ತಿದೆ ಅಂತ ಹೇಳಲಿಲ್ಲ, ಗಾಳಿಯಲ್ಲಿ ಹುಡುಕುತ್ತಿದ್ದ ಆ ಕೈ ಬಗ್ಗೆ ಹೇಳಲಿಲ್ಲ. ಕಣ್ಣಾರೆ ಕಂಡವನು ನಾನೊಬ್ಬನೇ. ಸಾಬ್ ಕೈಗೆ ನಾನು ಕೊಟ್ಟದ್ದು ಒಂದು ಲೆಕ್ಕ, ಅವರು ಲೆಕ್ಕಕ್ಕೆ ಉತ್ತರ ಕೊಟ್ಟರು.

ಇನ್ನೂ ಕೆಟ್ಟದ್ದು ಒಂದಿದೆ. ವಾಪಸ್ ಬರುವಾಗ ನನಗೆ ಹಗುರ ಅನಿಸಿತು. ಹೋಗುವಾಗ ಭಾರ ಇತ್ತು, ಬರುವಾಗ ಇರಲಿಲ್ಲ. ಕೇಳಿ ಆಯ್ತು, ಇನ್ನು ಅದು ಸಾಬ್ ತಲೆಯ ಮೇಲೆ ಅಂತ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಹುಡುಗನಿಗೆ ಎರಡು ಗುಟುಕು ನೀರು ಕೊಟ್ಟೆ. ಅದನ್ನೇ ದಯೆ ಅಂದುಕೊಂಡೆ. 'ಇನ್ನು ನಾಲ್ಕೇ' ಅಂದೆ.

ಮೂರನೆಯದರಲ್ಲಿ ಬಿದ್ದ. ಬಿಸಿಲಿನ ಹೊಡೆತ, ಜ್ವರ ನಲವತ್ತೊಂದು ಡಿಗ್ರಿ ದಾಟಿತ್ತು, ಮೂತ್ರಪಿಂಡ ಹೋಯಿತು. ಜೀವ ಉಳಿಯಿತು. ಆದರೆ ಮೆಡಿಕಲ್ ಬೋರ್ಡ್ ಅವನನ್ನು ಮನೆಗೆ ಕಳಿಸಿತು. ಆಸ್ಪತ್ರೆಯ ಬಾಗಿಲಲ್ಲಿ ಸೂಬೇದಾರ್ ಸಾಬ್ ನನ್ನ ಭುಜ ಹಿಡಿದು, 'ನೀನು ಹೇಳಲಿಲ್ಲ ಯಾಕೆ? ಹೇಳಿದ್ದರೆ ನಿಲ್ಲಿಸುತ್ತಿದ್ದೆ' ಅಂದರು. ಅವರ ಕಣ್ಣಲ್ಲಿ ನೀರಿತ್ತು. ಆ ಮಾತು ನಿಜ ಅಂತ ಇವತ್ತಿಗೂ ನಂಬುತ್ತೇನೆ. ವಿಚಾರಣೆಯಲ್ಲಿ ನಾನು 'ಸಾಬರನ್ನು ಕೇಳಿದ್ದೆ' ಅಂದೆ. ಅಕ್ಷರಕ್ಕೆ ಸುಳ್ಳಲ್ಲ. ಅವರಿಗೆ ಶಿಕ್ಷೆಯಾಯಿತು, ನನಗೆ ಏನೂ ಆಗಲಿಲ್ಲ. ಮುಂದಿನ ವರ್ಷ ನಾಯಕ್ ಆದೆ.

ಪೆನ್ಷನ್ ಬಂದ ಮೇಲೆ, ಮಗಳು ಶಿವಮೊಗ್ಗದಲ್ಲಿ ಬಿ.ಎ. ಓದುವಾಗ ಅವಳ ಸೈಕಾಲಜಿ ಪುಸ್ತಕದಲ್ಲಿ ನನ್ನ ಕಥೆಯೇ ಸಿಕ್ಕಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಸ್ಟಾನ್ಲಿ ಮಿಲ್‌ಗ್ರಾಮ್ ಅನ್ನುವವರು ಶುರು ಮಾಡಿದ ಪ್ರಯೋಗ. ಪಕ್ಕದ ಕೋಣೆಯವನು ತಪ್ಪು ಉತ್ತರ ಕೊಟ್ಟಾಗೆಲ್ಲ ಕರೆಂಟಿನ ಗುಂಡಿ ಒತ್ತಬೇಕು, 15 ವೋಲ್ಟಿನಿಂದ 450ರವರೆಗೆ ಏರಿಸುತ್ತಾ ಹೋಗಬೇಕು. ಕರೆಂಟು ನಿಜವಾದ್ದಲ್ಲ, ಆಚೆ ಇದ್ದವನದು ನಟನೆ. ಒತ್ತುವವನಿಗೆ ಅದು ಗೊತ್ತಿಲ್ಲ. ಮೊದಲ ವರದಿಯ 40 ಜನರಲ್ಲಿ 26 ಜನ ಕೊನೆಯವರೆಗೂ ಒತ್ತಿದರು. ಅವರೇನು ಕ್ರೂರಿಗಳಲ್ಲ, ಬೆವರುತ್ತಾ, ನಡುಗುತ್ತಾ ಒತ್ತಿದರು. ಕೆಲವರು 'ಏನಾದರೂ ಆದರೆ ಯಾರು ಹೊಣೆ?' ಅಂತ ಕೇಳಿದರು. ಪ್ರಯೋಗ ಮಾಡಿಸುತ್ತಿದ್ದವನಿಂದ 'ನಾನು' ಅಂತ ಉತ್ತರ ಬಂದ ಮೇಲೆ ಮುಂದುವರಿಸಿದರು. ಅದನ್ನು ಓದಿದಾಗ ನನಗೆ ಆ ಇನ್ನೂರು ಹೆಜ್ಜೆಯ ಹಗುರ ನೆನಪಾಯಿತು.

ಮುಂದೆ ಮಿಲ್‌ಗ್ರಾಮ್ ಅವರೇ ಮಾಡಿದ ಪ್ರಯೋಗಗಳಲ್ಲಿ 150 ವೋಲ್ಟಿಗೆ ಆಚೆಯವನು ಮೊದಲ ಸಲ 'ನನ್ನನ್ನು ಬಿಡಿ' ಅನ್ನುತ್ತಿದ್ದ. ನಡುವೆ ಬಿಟ್ಟು ಎದ್ದವರಲ್ಲಿ ಅತಿ ಹೆಚ್ಚು ಜನ ಎದ್ದದ್ದು ಆಗಲೇ. ಆ ಮಾತು ಕಿವಿಗೆ ಬಿದ್ದರೂ ದಾಟಿ ಹೋದವರಲ್ಲಿ ಹೆಚ್ಚಿನವರು ಮತ್ತೆ ನಿಲ್ಲಲಿಲ್ಲ. ನನಗೆ 'ನೆಲ ಅಲ್ಲಾಡ್ತಿದೆ' ಅನ್ನುವುದೇ ಆ 150 ವೋಲ್ಟು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಂಗಿ, ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಹೇಳಿದ್ದು ಕೇಳುವವನು ಪುಕ್ಕಲ, ಎದುರಾಡುವವನು ಧೀರ ಅಂತ ಇಟ್ಟುಕೊಂಡಿದ್ದೀರಿ. ನೆರೆ ಬಂದಾಗ ಹಗ್ಗ ಕಟ್ಟಿಕೊಂಡು ಹೊಳೆಗೆ ಇಳಿದವನು ನಾನು. ಅದೇ ನನಗೆ ನೆರಳಲ್ಲಿ ಕೂತ ಒಬ್ಬರ ಮುಂದೆ ಮೂರು ಮಾತು ಹೇಳಲು ಆಗಲಿಲ್ಲ. ಇವೆರಡೂ ಬೇರೆ ಬೇರೆ ಧೈರ್ಯ. ಒಂದನ್ನು ಸೈನ್ಯ ದಿನಾ ಕಲಿಸುತ್ತದೆ. ಇನ್ನೊಂದನ್ನು ಮನೆಯವರೂ ಕಲಿಸಬೇಕಾಗುತ್ತದೆ.

ಕಾನೂನು ಓದಿಕೊಂಡು ವಾದ ಮಾಡು ಅಂತಲೂ ಹೇಳಬೇಡಿ. 1950ರ ಸೇನಾ ಕಾಯ್ದೆಯ 41ನೇ ಕಲಂ ಪಾಲಿಸಲೇಬೇಕು ಅನ್ನುವುದು ಕಾನೂನುಬದ್ಧವಾದ ಹುಕುಮನ್ನು ಮಾತ್ರ, ಅದು ಸರಿ. ಆದರೆ ಅದನ್ನು ಮೀರಿದರೆ 14 ವರ್ಷದವರೆಗೂ ಶಿಕ್ಷೆ ಇದೆ. ಯಾವುದು ಬದ್ಧ, ಯಾವುದು ಅಲ್ಲ ಅಂತ ಬಿಸಿಲಲ್ಲಿ ನಿಂತ ಜವಾನ ಲೆಕ್ಕ ಹಾಕಲು ಆಗುವುದಿಲ್ಲ. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ಬರಿಗೈಲಿದ್ದ ಜನರ ಮೇಲೆ ಗುಂಡು ಹಾರಿಸುವುದಿಲ್ಲ ಅಂದ ಗಢ್‌ವಾಲಿ ಸೈನಿಕರ ಹವಾಲ್ದಾರ್ ಚಂದ್ರ ಸಿಂಗ್ ಅವರನ್ನು ನಾನು ದೇವರ ಹಾಗೆ ನೆನೆಯುತ್ತೇನೆ. ಅವರು 1941ರವರೆಗೆ ಜೈಲಿನಲ್ಲಿದ್ದರು. ಅಂಥ ಗಳಿಗೆ ನಿಮ್ಮ ತಮ್ಮನಿಗೆ ಬಹುಶಃ ಬರುವುದಿಲ್ಲ. ಬರುವುದು ನನಗೆ ಬಂದಂಥದ್ದು. ತುಕ್ಕಿನ ಚುಕ್ಕೆ, ಒಬ್ಬ ಹುಡುಗ, ನಾಲ್ಕು ಸುತ್ತು.

ಅದಕ್ಕೆ ಅವನ ಬಾಯಲ್ಲಿ ಒಂದು ಮಾತು ತಯಾರಾಗಿ ಇರಬೇಕು. 'ಸಾಬ್, ಲಡ್ಕಾ ಠೀಕ್ ನಹೀ ಹೈ, ಮೈನೇ ರೋಕ್ ದಿಯಾ ಹೈ.' ಹುಡುಗನಿಗೆ ಆಗುತ್ತಿಲ್ಲ, ನಿಲ್ಲಿಸಿದ್ದೇನೆ. ನಿಲ್ಲಿಸಲಾ ಅಂತ ಕೇಳುವುದು ಬೇಡ, ನಿಲ್ಲಿಸಿ ಹೋಗಿ ಹೇಳುವುದು. ಇದರಲ್ಲಿ ಎದುರುತ್ತರ ಇಲ್ಲ, ಸೆಲ್ಯೂಟ್ ಹೊಡೆದೇ ಹೇಳಬಹುದು. ಫೋನಿನಲ್ಲಿ ಅವನಿಂದ ಗಟ್ಟಿಯಾಗಿ ಹೇಳಿಸಿ. ನಾಚಿಕೆಯಾದರೂ ಹೇಳಿಸಿ. ರೈಫಲ್ ಬಿಚ್ಚಿ ಜೋಡಿಸುವುದನ್ನು ಕಣ್ಣು ಮುಚ್ಚಿ ಮಾಡುವಷ್ಟು ರೂಢಿ ಮಾಡಿಸುತ್ತಾರೆ, ಈ ಮಾತಿಗೂ ಅಷ್ಟೇ ರೂಢಿ ಬೇಕು. ಜೊತೆಗೆ ಅವನ ಹಾಗೇ ಯೋಚಿಸುವ ಒಬ್ಬ ಗೆಳೆಯ ಇರಲಿ. ಮಿಲ್‌ಗ್ರಾಮ್ ಪ್ರಯೋಗದಲ್ಲೇ ಪಕ್ಕದಲ್ಲಿದ್ದ ಇಬ್ಬರು ಇನ್ನು ಆಗುವುದಿಲ್ಲ ಅಂತ ಬಿಟ್ಟು ಎದ್ದಾಗ ಕೊನೆಯವರೆಗೆ ಹೋದವರು 40ರಲ್ಲಿ 4 ಜನ ಮಾತ್ರ. ಕೆಲಸ ಬಿಟ್ಟು ಬಂದರೆ ಆ ಜಾಗಕ್ಕೆ ಇದನ್ನೆಲ್ಲ ಯೋಚಿಸದ ಇನ್ನೊಬ್ಬ ಬರುತ್ತಾನೆ. ಬಿಡಿಸಬೇಡಿ.

ಹೋದ ಆಗಸ್ಟಿನಲ್ಲಿ ಮಳೆ ಒಂದಿಷ್ಟು ಹೊಳವಾಗಿತ್ತು. ಕೊಳೆ ರೋಗಕ್ಕೆ ಔಷಧಿ ಹೊಡೆಸುತ್ತಿದ್ದೆ. ಮರದ ಮೇಲಿದ್ದ ಹುಡುಗ ಕೂಗಿ ಕೇಳಿದ: 'ಗೌಡ್ರೆ, ಇನ್ನೆಷ್ಟು ಮರ?' ನಾಲಿಗೆ ತುದಿಗೆ ಲೆಕ್ಕ ಬಂದಿತ್ತು. ನುಂಗಿಕೊಂಡೆ. 'ಆಗ್ತಿಲ್ವನಾ?' ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ 'ಕಾಲು ನಡುಗ್ತಿದೆ' ಅಂದ. ಇಳಿಯಲು ಹೇಳಿದೆ. ಉಳಿದ ಮರಗಳಿಗೆ ಮೂರು ದಿನ ಬಿಟ್ಟು ಹೊಡೆಸಿದೆ, ಅಷ್ಟರಲ್ಲಿ ಒಂದಿಷ್ಟು ಕಾಯಿ ಉದುರಿತು.

ತಮ್ಮ ರಜೆಗೆ ಬಂದಾಗ ಕರೆದುಕೊಂಡು ಬನ್ನಿ. ಗಣಪತಿ ಹಬ್ಬದ ಹೊತ್ತಿಗಾದರೆ ನಾನು ಮನೆಯಲ್ಲೇ ಇರುತ್ತೇನೆ.