ಲಗ್ನಪತ್ರಿಕೆಯ ಮೇಲೆ ಜೈಪುರದ ನೀಲಿ

ಪ್ರಶ್ನೆ: ವೈಶಾಖದಲ್ಲಿ ನಮ್ಮ ಮಗಳ ಮದುವೆ. ಜೈಪುರದ ಬ್ಲೂ ಪಾಟರಿ ಎಂಬ ನೀಲಿ ಪಾತ್ರೆಗಳ ಚಿತ್ತಾರವೇ ಲಗ್ನಪತ್ರಿಕೆಯ ಮೇಲೂ ಇರಬೇಕೆಂಬುದು ಅವಳ ಆಸೆ. ತಟ್ಟೆಯೊಂದರ ಫೋಟೊ ಕೊಟ್ಟು ಮಾದರಿ ಮಾಡಿಸಿದರೆ ನೀಲಿ ನೇರಳೆಯಾಗಿದೆ, ಅಕ್ಷರಗಳು ಹೂಗಳ ನಡುವೆ ಹೂತುಹೋಗಿವೆ. ನೀಲಿ ಬಣ್ಣದ ಪತ್ರಿಕೆ ಶುಭಕಾರ್ಯಕ್ಕೆ ಬೇಡವೆಂದು ನಮ್ಮ ಅತ್ತೆಯವರು ಹೇಳುತ್ತಿದ್ದಾರೆ. ದಾರಿ ತೋರಿಸುವಿರಾ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಗಳ ಆಸೆಗೂ ಅತ್ತೆಯವರ ಮಾತಿಗೂ ಒಂದೇ ಪತ್ರಿಕೆಯಲ್ಲಿ ಜಾಗವಿದೆ; ಆದರೆ ತಟ್ಟೆಯ ಫೋಟೊವನ್ನು ಮೊದಲು ಬಿಟ್ಟುಬಿಡಿ. ಅನುಸರಿಸಬೇಕಾದುದು ಆ ತಟ್ಟೆಯನ್ನಲ್ಲ, ಅದರ ಮೇಲೆ ಕುಂಚ ಓಡಿಸಿದ ಕ್ರಮವನ್ನು.

ಜೈಪುರದ ಈ ಪಾತ್ರೆಗಳನ್ನು ನಮ್ಮ ಕುಂಬಾರರ ಜೇಡಿಮಣ್ಣಿನಿಂದ ಮಾಡುವುದಿಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು ಇವುಗಳನ್ನು ಕಲಸಿ ಅಚ್ಚಿನಲ್ಲಿ ರೂಪ ಕೊಟ್ಟು, ಮೇಲೆ ಬಿಳಿಯ ಲೇಪ ಬಳಿದು, ಕೋಬಾಲ್ಟ್ ಆಕ್ಸೈಡಿನಿಂದ ಹೊರಗೆರೆ ಎಳೆದು, ಒಳಗೆ ಬಣ್ಣ ತುಂಬಿ, ಪಾರದರ್ಶಕ ಮೆರುಗಿನಲ್ಲಿ ಅದ್ದಿ ಸುಡುತ್ತಾರೆ. ಕೋಬಾಲ್ಟಿನಿಂದ ಕಡುನೀಲಿ ಬರುತ್ತದೆ, ತಾಮ್ರದ ಆಕ್ಸೈಡಿನಿಂದ ಹಸಿರು ಬೆರೆತ ತಿಳಿನೀಲಿ. ಸೊರಗಿಹೋಗಿದ್ದ ಈ ಕಲೆಗೆ ಕಳೆದ ಶತಮಾನದಲ್ಲಿ ಮರುಜೀವ ಕೊಟ್ಟವರಲ್ಲಿ ಚಿತ್ರಕಾರ ಕೃಪಾಲ್ ಸಿಂಗ್ ಶೇಖಾವತ್ ಮುಖ್ಯರು. ಅವರ ಗೆರೆಯ ಹದವನ್ನು ನೋಡಿದವರಿಗೆ ಹೂವಿನಷ್ಟೇ ಅದರ ಸುತ್ತಲಿನ ಬಿಳಿಯೂ ಚಿತ್ರವೇ ಎಂಬುದು ತಿಳಿಯುತ್ತದೆ.

ನಿಮ್ಮ ಪತ್ರಿಕೆಗೂ ಆ ಬಿಳಿಯೇ ಬೇಕು. ಚಿತ್ತಾರವನ್ನು ತಟ್ಟೆಯ ಅಂಚಿನಂತೆ ಸುತ್ತಲೂ ಒಂದು ಪಟ್ಟಿಯಾಗಿ ನಿಲ್ಲಿಸಿ, ನಡುವಿನ ಜಾಗವನ್ನು ಪೂರ್ತಿಯಾಗಿ ಅಕ್ಷರಗಳಿಗೆ ಬಿಡಿ. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತಕ್ಷರ ಇರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕಾಗುತ್ತದೆ. ಹೂಗಳು ಮಾತ್ರ ನಮ್ಮ ಕಾಡುತೋಟದವಾಗಲಿ ಎಂಬುದು ನನ್ನ ಆಗ್ರಹ: ಗೊನೆಗೊನೆಯಾಗಿ ಇಳಿಬೀಳುವ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ, ಮದುವೆ ಮನೆಗೆ ಬೇಕೇ ಬೇಕಾದ ಅಡಿಕೆಯ ಸಿಂಗಾರ. ಸಿಂಗಾರದ ಎಳೆಗಳು ಕುಂಚದ ಒಂದೇ ಎಳೆತಕ್ಕೆ ಒಗ್ಗುವಂಥವು. ಮಗಳೇ ಬಿಳಿ ಹಾಳೆಯ ಮೇಲೆ ನೀಲಿ ಜಲವರ್ಣದಲ್ಲಿ ಬರೆದುಕೊಟ್ಟರೆ, ಮುದ್ರಣಾಲಯದವರು ಅದನ್ನು 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿ ಪಟ್ಟಿಗೆ ಹೊಂದಿಸುತ್ತಾರೆ.

ನೀಲಿ ನೇರಳೆಯಾಗುವುದಕ್ಕೆ ಕಾರಣ ಸರಳವಾದುದು. ಪರದೆಯಲ್ಲಿ ಕಾಣುವುದು ಬೆಳಕಿನ ನೀಲಿ. ಅಚ್ಚಿನಲ್ಲಿ ಅದು ಸಯಾನ್ (ತಿಳಿನೀಲಿ) ಮತ್ತು ಮೆಜೆಂಟಾ (ಕಡುಗುಲಾಬಿ) ಶಾಯಿಗಳ ಬೆರಕೆ. ಎರಡೂ ಹೆಚ್ಚುಕಡಿಮೆ ಸಮವಾದರೆ ನೇರಳೆಯೇ ಬರುತ್ತದೆ. ಸಯಾನ್ ಶೇಕಡಾ ನೂರಿದ್ದರೆ ಮೆಜೆಂಟಾವನ್ನು ಶೇಕಡಾ ಎಪ್ಪತ್ತರೊಳಗೆ ಇಡಲು ಹೇಳಿ. ಪ್ರತಿಗಳು ಸಾವಿರಕ್ಕೂ ಮೀರಿದರೆ, ಬೆರಕೆಯ ಗೊಡವೆಯಿಲ್ಲದಂತೆ ಒಂದೇ ಕಡುನೀಲಿ ಶಾಯಿಯನ್ನು ಕಲಸಿಸಿ ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿಸುವುದು ಉತ್ತಮ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಕಾಗದ ಬಿಳಿಯಾಗಿ, ನೀಲಿ ಬರೀ ಗೆರೆಯಾಗಿ ಉಳಿದರೆ ಅದು ನೀಲಿ ಪತ್ರಿಕೆ ಎನಿಸುವುದಿಲ್ಲ. ಕುಲದೇವರ ಹೆಸರನ್ನೂ ಮುಹೂರ್ತದ ಸಾಲನ್ನೂ ಕುಂಕುಮದ ಕೆಂಪಿನಲ್ಲಿ ಹಾಕಿಸಿ. ಪಿಂಗಾಣಿಯ ಮೆರುಗು ಬರಲೆಂದು ಇಡೀ ಪತ್ರಿಕೆಗೆ ಲ್ಯಾಮಿನೇಷನ್ ಮಾಡಿಸುವುದನ್ನು ಅನೇಕರು ಸೂಚಿಸಬಹುದು, ನಾನು ಬೇಡವೆನ್ನುತ್ತೇನೆ. ಪ್ಲಾಸ್ಟಿಕ್ ಪೊರೆಯ ಮೇಲೆ ಅರಿಶಿನ ನಿಲ್ಲದೆ ಜಾರಿಹೋಗುತ್ತದೆ. ಹೂಗಳ ಮೇಲಷ್ಟೇ ಸ್ಪಾಟ್ ಯುವಿ ಮೆರುಗು (ಬೇಕಾದ ಜಾಗಕ್ಕೆ ಮಾತ್ರ ಬಳಿಯುವ ಹೊಳಪಿನ ಲೇಪ) ಹಾಕಿಸಿ, ನಾಲ್ಕು ಮೂಲೆಗಳನ್ನು ಬರಿಗಾಗದವಾಗಿ ಉಳಿಸಿ.

ಮಾದರಿ ಪ್ರತಿಯನ್ನು ಮುಂದೆ ಬಳಸಲಿರುವ ಕಾಗದದ ಮೇಲೆಯೇ ತೆಗೆಸಿ, ಅತ್ತೆಯವರ ಕೈಯಿಂದ ಮೂಲೆಗಳಿಗೆ ಅರಿಶಿನ ಹಚ್ಚಿಸಿ ಒಂದು ರಾತ್ರಿ ಇಡಿ. ಮರುದಿನ ಟ್ಯೂಬ್‌ಲೈಟಿನ ಕೆಳಗಲ್ಲದೆ ಜಗುಲಿಯ ಹಗಲು ಬೆಳಕಿನಲ್ಲಿ ಬಣ್ಣ ನೋಡಿ, ಹೆಸರುಗಳನ್ನೂ ತಾರೀಖನ್ನೂ ಇಬ್ಬರು ಓದಿದ ಮೇಲೆ ಅಚ್ಚಿಗೆ ಒಪ್ಪಿಗೆ ಕೊಡಿ.